ಉತಾರವಿಲ್ಲದ ದಂಡೆ

ಕಳೆದ ಚಳಿಗಾಲದಲ್ಲಿ ತಂಗಿಯ ಕುಬಸದ ಕಾರ್ಯಕ್ಕೆಂದು ಹೊನ್ನಾವರದ ಕಡೆಯ ಬೀಗರು ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಅವರೂ ನಮ್ಮಂತೆ ಅಂಬಿಗರು. ಅವರದು ಕಡಲಿನ ದೋಣಿ, ನಮ್ಮದು ಹೊಳೆಯ ದೋಣಿ; ನಮ್ಮದು ಅಪ್ಪನ ಕಾಲಕ್ಕೇ ನಿಂತುಹೋಯಿತು. ಕಾರ್ಯ ಮುಗಿದ ಮರುದಿನ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಎಲ್ಲರೂ ಒಂದು ಕ್ರೂಸರಿನಲ್ಲಿ ಆಲಮಟ್ಟಿಗೆ ಹೋದೆವು.

ಮಕ್ಕಳು ಉದ್ಯಾನದ ಕಡೆಗೆ ಓಡಿದರು. ಬೀಗತಿ ಮಾತ್ರ ಹಿನ್ನೀರನ್ನು ನೋಡುತ್ತ ನಿಂತು, ಈ ನೀರಿನ ಕೆಳಗೆ ನಿಮ್ಮ ಊರೂ ಇದೆಯೇ ಎಂದು ಅವ್ವನನ್ನು ಕೇಳಿದರು. ಅವ್ವ ಹೇಳಿದ್ದಿಷ್ಟು: "ಮನಿಗೆ ರೊಕ್ಕಾ ಕೊಟ್ರು, ಹೊಲಾ ಇದ್ದವ್ರಿಗೆ ಹೊಲದ ರೊಕ್ಕಾ ಕೊಟ್ರು. ಹೊಳಿ ದಂಡಿಗೆ ಉತಾರ ಎಲ್ಲಿಂದ ತರೂನು?" ದೋಣಿ ಕಟ್ಟುತ್ತಿದ್ದ ಜಾಗ, ಬಲೆ ಒಣಗಿಸುತ್ತಿದ್ದ ಮಳಲು, ಬೇಸಿಗೆಯಲ್ಲಿ ನೀರು ಇಳಿದಾಗ ನಾವು ಸವತೆ ಹಾಕುತ್ತಿದ್ದ ಪಾತ್ರದ ಅಂಚು ಇವೆಲ್ಲವೂ ಹೋದವು, ಆದರೆ ಉತಾರವೆಂಬ ಜಮೀನಿನ ದಾಖಲೆಯಲ್ಲಾಗಲಿ ಬೇರೆ ಯಾವ ಕಾಗದದಲ್ಲಾಗಲಿ ಅವು ನಮ್ಮವೆಂದು ಇರಲಿಲ್ಲವಾದ್ದರಿಂದ, ಲೆಕ್ಕದ ಪ್ರಕಾರ ನಾವು ಅವನ್ನು ಕಳೆದುಕೊಳ್ಳಲೇ ಇಲ್ಲ.

ಈ ಮಾತು ಬೀಗತಿಯನ್ನು ತಟ್ಟಿತು. ಅಲ್ಲಿಯವರೆಗೆ ಹೆಚ್ಚು ಮಾತಾಡದಿದ್ದ ಅವರು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ತಮ್ಮ ಊರಿನ ಕಥೆ ಹೇಳತೊಡಗಿದರು. ದಂಡೆಯ ಹಿಂದಿನ ತೋಟದ ಜಾಗವನ್ನು ಹೊರಗಿನವರು ಕೊಂಡು ರೆಸಾರ್ಟ್ ಕಟ್ಟಿದ್ದಾರೆ. ಕೊಂಡದ್ದು ಕ್ರಮಬದ್ಧವಾಗಿಯೇ. ಬೇಲಿ ಬಂದ ಮೇಲೆ ಮನೆಯಿಂದ ಕಡಲಿಗೆ ಹೋಗುವ ಕಾಲುದಾರಿ ಸುತ್ತುದಾರಿಯಾಯಿತು. ಬಳಿಕ ದೋಣಿಗಳು ಅತಿಥಿಗಳ ನೋಟಕ್ಕೆ ಅಡ್ಡವೆಂದು ಪಕ್ಕಕ್ಕೆ ಎಳೆಸಿದರು, ಒಣಮೀನಿನ ವಾಸನೆಗೆ ಆಕ್ಷೇಪ ತೆಗೆದರು. "ನಮ್ಮನ್ನ ಯಾರೂ ಓಡಿಸಲಿಲ್ಲ ಅಕ್ಕಾ. ಚೂರು ಆಚೆ ಸರೀರಿ ಅಂದ್ರು, ಸರೀತಾ ಸರೀತಾ ಮರಳೇ ಮುಗೀತು" ಎಂದರು.

ಒಣಮೀನಿನ ಮಾತನ್ನು ನಾನು ಸ್ವಲ್ಪ ಬಿಡಿಸಿ ಕೇಳಿದೆ. ಜೂನ್ 1ರಿಂದ ಜುಲೈ 31ರವರೆಗೆ ರಾಜ್ಯದಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಸಣ್ಣ ನಾಡದೋಣಿಯವರಿಗೂ ಮಳೆಗಾಲದ ಕಡಲು ಸುಲಭವಲ್ಲ. ಆ ತಿಂಗಳುಗಳ ಮನೆಖರ್ಚು ನಡೆಯುವುದು ಹೆಂಗಸರು ಬಿಸಿಲಿನ ದಿನಗಳಲ್ಲಿ ಮರಳಿನ ಮೇಲೆ ಹರಡಿ ಒಣಗಿಸಿಟ್ಟ ತಾರ್ಲೆ, ಬಂಗಡೆಗಳಿಂದ. ಬಿಸಿಲು ಬಲವಾಗಿರುವ ಏಪ್ರಿಲ್, ಮೇ ತಿಂಗಳುಗಳೇ ಶಾಲೆಗಳ ರಜೆಯ ತಿಂಗಳುಗಳೂ ಆಗಿರುವುದರಿಂದ, ಒಂದೇ ಮರಳು ಒಂದೇ ಹೊತ್ತಿನಲ್ಲಿ ಇಬ್ಬರಿಗೂ ಬೇಕಾಗುತ್ತದೆ, ಆಗ ಬಿಟ್ಟುಕೊಡಬೇಕಾದವರು ಯಾವಾಗಲೂ ಈ ಹೆಂಗಸರೇ. ಆ ರಜೆಯಲ್ಲಿ ಗೋಕರ್ಣಕ್ಕೂ ಕಾರವಾರಕ್ಕೂ ಹೋಗುವವರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ನಮ್ಮ ಜನರೂ ಬಹಳಷ್ಟಿದ್ದಾರೆ. ಆದ್ದರಿಂದ ಇದು ಘಟ್ಟದ ಕೆಳಗಿನವರ ತಂಟೆ ಮಾತ್ರ ಎಂದು ನಾನು ಒಪ್ಪುವುದಿಲ್ಲ.

ಬೀಗತಿಯ ಮಾತಿನಲ್ಲಿ ಪ್ರವಾಸಿಗರ ಮೇಲೆ ದ್ವೇಷವಿರಲಿಲ್ಲ. ಊರಿನ ಕೆಲವು ಹುಡುಗರು ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಾಡಿಸಿ ನಾಲ್ಕು ಕಾಸು ಕಾಣುತ್ತಿದ್ದಾರೆ, ಕೆಲವರಿಗೆ ರೆಸಾರ್ಟಿನಲ್ಲಿಯೇ ಸೀಸನ್ನಿನ ಕೆಲಸ ಸಿಕ್ಕಿದೆ. 2020ರಲ್ಲಿ ಹೊನ್ನಾವರದ ಹತ್ತಿರದ ಕಾಸರಕೋಡು ಮತ್ತು ಪಡುಬಿದ್ರಿ ದಂಡೆಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದದ್ದನ್ನು ಅವರೂ ಹೆಮ್ಮೆಯಿಂದಲೇ ಹೇಳಿದರು. ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆಗಳನ್ನು ಒಳಗೊಂಡ 33 ಮಾನದಂಡಗಳ ಆ ಮಾನ್ಯತೆಗೆ ನನ್ನ ತಕರಾರೂ ಇಲ್ಲ. ಆದರೆ ಒಣಗಲು ಹಾಕಿದ ಮೀನನ್ನು ಕಸದ ಸಾಲಿಗೆ ಸೇರಿಸುವ ಕಣ್ಣು ಎಲ್ಲಿಯೇ ಇದ್ದರೂ ಅದು ತಪ್ಪು.

ಅಂದು ರಾತ್ರಿ ಊಟವಾದ ಮೇಲೆ ಬೀಗತಿಯ ಹಿರಿಯ ಮಗನೊಂದಿಗೆ ಕುಳಿತು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳನ್ನು ಓದಿದೆ. 1991ರ ಮೊದಲ ಅಧಿಸೂಚನೆ ಭರತದ ಗೆರೆಯಿಂದ, ಅಂದರೆ ಕಡಲಿನ ನೀರು ಉಬ್ಬರದಲ್ಲಿ ಬಂದು ಮುಟ್ಟುವ ಗೆರೆಯಿಂದ, 500 ಮೀಟರ್‌ವರೆಗಿನ ನೆಲವನ್ನು ನಿಯಂತ್ರಣಕ್ಕೆ ತಂದು, ಹಳ್ಳಿಗಾಡಿನ ಕರಾವಳಿಯಲ್ಲಿ ಮೊದಲ 200 ಮೀಟರ್‌ಗಳಲ್ಲಿ ಹೊಸ ಕಟ್ಟಡಗಳನ್ನು ತಡೆದಿತ್ತು. 2019ರ ಅಧಿಸೂಚನೆ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶಗಳಲ್ಲಿ ಈ ಅಂತರವನ್ನು 50 ಮೀಟರಿಗೆ ಇಳಿಸಿತು. ಪ್ರವಾಸಿಗರಿಗಾಗಿ ಕಟ್ಟುವ ತಾತ್ಕಾಲಿಕ ಗುಡಿಸಲು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಿಗಂತೂ ಭರತದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು. ಅಲ್ಲಿಂದಾಚೆಗಿನ ಮರಳಿನ ಮೇಲೆಯೇ ಬೀಗರ ಊರಿನವರು ದೋಣಿ ಎಳೆಯುವುದು, ಬಲೆ ಹರಡುವುದು.

ಆದರೆ 2011ರ ಅಧಿಸೂಚನೆಯಲ್ಲಿ ನಮಗೆ ಬೇಕಾದ ಮಾತೂ ಸಿಕ್ಕಿತು. ಮೀನುಗಾರರ ಹಳ್ಳಿಗಳು, ಅವರ ಸಮುದಾಯದ ಸಾಮೂಹಿಕ ಸ್ವತ್ತುಗಳು, ಮೀನು ಒಣಗಿಸುವ ಜಾಗಗಳು ಇವನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕೆಂದು ಅದು ಹೇಳುತ್ತದೆ. ಜಿಲ್ಲಾ ಮಟ್ಟದ ಸಮಿತಿಯಲ್ಲಿ ಮೀನುಗಾರರನ್ನೂ ಒಳಗೊಂಡಂತೆ ಸ್ಥಳೀಯ ಸಮುದಾಯಗಳ ಕನಿಷ್ಠ 3 ಪ್ರತಿನಿಧಿಗಳಿರಬೇಕೆಂದೂ ಹೇಳುತ್ತದೆ. ನಮ್ಮ ಹೊಳೆಯ ದಂಡೆಗೆ ಇಂಥ ಒಂದು ಸಾಲಿನ ಆಧಾರವೂ ನಮ್ಮ ಕೈಯಲ್ಲಿರಲಿಲ್ಲ. ಇರುವವರು ಅದನ್ನು ಬಳಸಲೇಬೇಕು, ಅದೂ ದಂಡೆ ಪೂರ್ತಿ ಕೈತಪ್ಪುವ ಮೊದಲು.

ಹಾಗಾಗಿ ಅರ್ಜಿ ಬರೆಯಲು ಕುಳಿತೆವು. ಹುಡುಗ ಹೇಳುತ್ತ ಹೋದ, ನಾನು ಬರೆದೆ: ಯಾವ ತಿಂಗಳಲ್ಲಿ ಎಲ್ಲಿ ಬಲೆ ಎಳೆಯುತ್ತಾರೆ, ಮಳೆಗಾಲದಲ್ಲಿ ದೋಣಿಗಳನ್ನು ಎಷ್ಟು ಮೇಲಕ್ಕೆ ತಂದಿಡುತ್ತಾರೆ, ಯಾವ ಮನೆಯವರು ಎಲ್ಲಿ ಮೀನು ಒಣಗಿಸುತ್ತಾರೆ. ಬುಟ್ಟಿ ಹೊತ್ತ ಹೆಂಗಸರು ನಡೆಯುವ ದಾರಿಯನ್ನು ಬೇರೆಯಾಗಿಯೇ ಬರೆಯಿರೆಂದು ಅವ್ವ ಒಳಗಿನಿಂದ ಹೇಳಿದಳು, ಅದನ್ನೂ ಸೇರಿಸಿದೆವು. ಇವೆಲ್ಲವೂ ನಕ್ಷೆಯಲ್ಲಿ ದಾಖಲಾಗುವವರೆಗೆ ಆ ದಂಡೆಯಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡಬಾರದೆಂದು ಕೇಳಿ, ಜಿಲ್ಲಾಧಿಕಾರಿಗಳ ಹೆಸರಿಗೆ ಬರೆದು, ಊರಿನವರ ಸಹಿಗಾಗಿ ಹಿಂದೆ ಹಾಳೆಗಳನ್ನು ಜೋಡಿಸಿ ಕೊಟ್ಟೆ.