ಒಂದು ಕಥೆ ಕಡಿಮೆ ಬಿತ್ತು

ಜುಲೈ ತಿಂಗಳ ಭಾನುವಾರ. ಹೊರಗೆ ಮಳೆ, ಸಾಲದ್ದಕ್ಕೆ ಮುಂಬಯಿ ಲೋಕಲ್ಲಿನ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ದುರಸ್ತಿಗೆ ಅಂತ ರೈಲು ತಡೆಯುವುದು. ಠಾಣೆಯಿಂದ ಡೊಂಬಿವಲಿಗೆ ಬಂದು ನಮ್ಮ ಕನ್ನಡ ಸಂಘದ ಲೈಬ್ರರಿಯ ಮೆಟ್ಟಿಲು ಹತ್ತುವಾಗ ಹನ್ನೊಂದೂವರೆ ಆಗಿತ್ತು. ಮಾಷ್ಟ್ರು ಆಗಲೇ ಬಂದು, ಫ್ಯಾನಿನ ಕೆಳಗೆ ಕೊಡೆ ಬಿಚ್ಚಿಟ್ಟು ಕೂತಿದ್ದರು.

ಲೈಬ್ರರಿ ಅಂದರೆ ದೊಡ್ಡದೇನಲ್ಲ. ಒಂದು ರೂಮು, ಕಬ್ಬಿಣದ ಕಪಾಟುಗಳು, ಒಂದು ಉದ್ದ ಮೇಜು, ನುಸಿಗುಳಿಗೆಯ ವಾಸನೆ. ಮಾಷ್ಟ್ರು ಹಿಂದೆ ಫೋರ್ಟ್ ಕಡೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವರು. ಹಗಲೆಲ್ಲ ಹೋಟೆಲಿನಲ್ಲಿ ಪ್ಲೇಟು ಎತ್ತಿ, ರಾತ್ರಿ ಕಣ್ಣು ಎಳೆಯುವಾಗ ಬಂದು ಕೂತ ಹುಡುಗರನ್ನು ಎಚ್ಚರ ಇಡಬೇಕಲ್ಲ, ಅದಕ್ಕೆ ಪಾಠದ ಮಧ್ಯೆ ಪತ್ತೇದಾರಿ ಕಥೆ ಹೇಳುತ್ತಿದ್ದರಂತೆ. ನಾನು ವಾರವಿಡೀ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಭಾನುವಾರ ಇಲ್ಲಿ ಬಂದು ಪುಸ್ತಕಗಳ ಲೆಕ್ಕ ಬರೆಯುತ್ತೇನೆ. ಗಂಡ ಕೇಳುತ್ತಾರೆ, ಎರಡರಲ್ಲಿ ಎಂತ ವ್ಯತ್ಯಾಸ ಅಂತ. ಆ ಭಾನುವಾರದವರೆಗೆ ನನಗೂ ಅಷ್ಟು ಗೊತ್ತಿರಲಿಲ್ಲ.

ಮಾಟುಂಗದಲ್ಲಿ ಒಂದು ಹಳೆ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಅಲ್ಲಿದ್ದ ನಮ್ಮವರೊಬ್ಬರು ತೀರಿಕೊಂಡಿದ್ದರು. ಅವರ ಮಕ್ಕಳು ಅಪ್ಪನ ಪುಸ್ತಕಗಳನ್ನು ಹದಿನಾಲ್ಕು ಕಾರ್ಟನ್ ಮಾಡಿ ಟೆಂಪೋದಲ್ಲಿ ಸಂಘಕ್ಕೆ ಕಳಿಸಿಬಿಟ್ಟರು. ಬಿಚ್ಚಿದರೆ ಬಹುಪಾಲು ಸಣ್ಣ ಕಥೆಗಳೇ, ಅದೂ ಕೊಲೆ, ಕಳವು, ದೆವ್ವ, ರೋಬೋ, ಬೇರೆ ಗ್ರಹ. ಇಂಗ್ಲಿಷ್ ಜಾಸ್ತಿ, ಸ್ವಲ್ಪ ಮರಾಠಿ, ಸ್ವಲ್ಪ ಕನ್ನಡ. ತುಂಬ ಪುಸ್ತಕಗಳ ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಅಂಕಿ ಇತ್ತು. 13, 8, 12, ಹೀಗೆ. ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೆ ಪುಸ್ತಕದವರು ಹಾಕಿದ ಬೆಲೆ ಇರಬೇಕು ಅಂದುಕೊಂಡೆ. ಎಷ್ಟು ಸಸ್ತಾ ಕಾಲ ಅಲ್ವಾ ಅಂತ ಮಾಷ್ಟ್ರ ಹತ್ತಿರ ಹೇಳಿದ್ದೆ ಕೂಡ.

ಅದು ಮೂರನೇ ಭಾನುವಾರ. ಮೊದಲ ಎರಡು ವಾರದಲ್ಲಿ ನಾನು ಎಕ್ಸೆಲ್‌ನಲ್ಲಿ ಪಟ್ಟಿ ಶುರು ಮಾಡಿದ್ದೆ. ಪುಸ್ತಕದ ಹೆಸರು, ಲೇಖಕ, ಪ್ರಕಾಶಕ, ವರ್ಷ, ಕಪಾಟು ನಂಬರು. ಕಥೆ ಎಷ್ಟಿದೆ ಅನ್ನುವ ಕಾಲಮ್ಮನ್ನು ಮಾಷ್ಟ್ರ ಒತ್ತಾಯಕ್ಕೆ ಸೇರಿಸಿದ್ದು.

ಮೊದಲ ತಲೆನೋವು ಕನ್ನಡದ್ದೇ. ಇಂಗ್ಲಿಷಿನವರು ಹಲವರ ಕಥೆ ಸೇರಿಸಿದ್ದಕ್ಕೆ ಆಂಥಾಲಜಿ ಅನ್ನುತ್ತಾರೆ, ಒಬ್ಬರದೇ ಕಥೆಗಳಿದ್ದರೆ ಕಲೆಕ್ಷನ್. ನಾವು ಎರಡಕ್ಕೂ ಕಥಾ ಸಂಕಲನ ಅಂದು ಸುಮ್ಮನಾಗುತ್ತೇವೆ. ಆದರೆ ಪಟ್ಟಿಯಲ್ಲಿ ಹಾಗೆ ಬಿಟ್ಟರೆ ಲೇಖಕರ ಕಾಲಮ್ಮಿನಲ್ಲಿ ಬರೆದವನೂ ಆರಿಸಿದವನೂ ಕಲಸಿಹೋಗುತ್ತಾರೆ. ಕೊನೆಗೆ ‘ಒಬ್ಬರದು’, ‘ಹಲವರದು’ ಅಂತ ಎರಡು ಗುಂಪು ಮಾಡಿದೆ. ಪಂಡಿತರು ನಗಬಹುದು, ನನ್ನ ಕೆಲಸ ನಡೆಯಿತು.

‘ಹಲವರದು’ ಗುಂಪಿನಲ್ಲಿ ಮೋಸವೇ ಜಾಸ್ತಿ. ಆಲ್‌ಫ್ರೆಡ್ ಹಿಚ್‌ಕಾಕ್ ಅನ್ನುವ ಸಿನಿಮಾ ನಿರ್ದೇಶಕರ ಹೆಸರು ರಟ್ಟಿನ ಮೇಲೆ ಇಷ್ಟು ದಪ್ಪ ಇದ್ದ ಪುಸ್ತಕಗಳೇ ಒಂದು ಕಾರ್ಟನ್ ಇದ್ದವು. ಸಂಪಾದಕ ಅಂತ ಅವರನ್ನೇ ಹಾಕುತ್ತಾ ಹೋದೆ. 1961ರ ಒಂದು ಸಂಕಲನ ತಿರುವುವಾಗ ಒಳಗೆ ಸಣ್ಣ ಅಕ್ಷರದಲ್ಲಿ ಕಂಡಿತು, ರಾಬರ್ಟ್ ಆರ್ಥರ್ ಅನ್ನುವವರ ಸಹಾಯಕ್ಕೆ ಕೃತಜ್ಞತೆ ಅಂತ. ಹುಡುಕಿದರೆ ನಿಜಕ್ಕೂ ಕೂತು ಆರಿಸಿದವರು ಅವರೇ. ನಾವು ಶಾಲೆಯಲ್ಲಿ ಬೆಂಚಿನ ಕೆಳಗೆ ಇಟ್ಟುಕೊಂಡು ಓದಿದ ‘ತ್ರೀ ಇನ್ವೆಸ್ಟಿಗೇಟರ್ಸ್’ ಪತ್ತೇದಾರಿ ಸರಣಿಯನ್ನು 1964ರಲ್ಲಿ ಶುರು ಮಾಡಿದ್ದೂ ಇದೇ ಮನುಷ್ಯ. ಅಲ್ಲೂ ರಟ್ಟಿನ ಮೇಲೆ ಹಿಚ್‌ಕಾಕ್! ಮದುವೆ ಕಾಗದದಲ್ಲಿ ಅಡುಗೆಯವರ ಹೆಸರು ಯಾರು ಹಾಕುತ್ತಾರೆ ಬಿಡಿ.

ವಿಜ್ಞಾನ ಕಥೆಗಳಲ್ಲಿ ಇನ್ನೊಂದು ತಮಾಷೆ. ಮಾರ್ಟಿನ್ ಗ್ರೀನ್‌ಬರ್ಗ್ ಅನ್ನುವ ಹೆಸರು ಎಲ್ಲಿ ನೋಡಿದರೂ ಇತ್ತು. ಒಬ್ಬನೇ ಮನುಷ್ಯ ಇಷ್ಟು ವರ್ಷ ಇಷ್ಟು ಸಂಕಲನ ಮಾಡಿದ್ದಾನಲ್ಲ ಅಂತ ಬೆರಗಾಗಿದ್ದೆ. ಅವರು ಇಬ್ಬರು. ಒಬ್ಬರು ನೋಮ್ ಪ್ರೆಸ್ ಅನ್ನುವ ಪ್ರಕಾಶನದವರು, 1950ರಲ್ಲಿ ವಿಜ್ಞಾನ ಕಥೆಗಾರ ಅಸಿಮೋವ್ ಅವರ ‘ಐ, ರೋಬೋಟ್’ ಅಚ್ಚು ಹಾಕಿದವರು. ಇನ್ನೊಬ್ಬರು ನಂತರದ ಕಾಲದವರು, ಅಸಿಮೋವ್ ಜೊತೆ ಸೇರಿ ಸಂಕಲನದ ಮೇಲೆ ಸಂಕಲನ ತಂದವರು. ಗುರುತಿಗೆ ಇವರ ಹೆಸರಿನ ನಡುವೆ ಒಂದು ‘ಎಚ್’. ನಮ್ಮ ಸಂಘದಲ್ಲಿ ಒಂದೇ ಹೆಸರಿನ ನಾಲ್ಕು ಶೆಟ್ರಿದ್ದಾರೆ, ಇನಿಷಿಯಲ್ ಬಿಟ್ಟರೆ ಒಬ್ಬರ ಚಂದಾ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಹಾಗಾಗಿ ಈ ‘ಎಚ್’ನ ಬೆಲೆ ನನಗೆ ಬೇಗ ಅರ್ಥವಾಯಿತು.

ಮರಾಠಿ ಪುಸ್ತಕಗಳ ನಡುವೆ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಸಿಕ್ಕಿದರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಅವರು ನಾರಾಯಣ ವಿನಾಯಕ ಜಗತಾಪ್ ಅನ್ನುವ ಹೆಸರಿನಲ್ಲಿ ಕಥೆ ಕಳಿಸಿದ್ದರು. ಜಯಂತ ವಿಷ್ಣು ನಾರ್ಳೀಕರ್ ಅನ್ನುವುದರ ಇನಿಷಿಯಲ್ ತಿರುಗಿಸಿದರೆ ಆ ಹೆಸರು. ಕೈಬರಹ ಗುರುತು ಸಿಗಬಾರದು ಅಂತ ಹೆಂಡತಿಯ ಕೈಯಲ್ಲಿ ಪ್ರತಿ ಬರೆಸಿದರಂತೆ. ಬಹುಮಾನ ಬಂತು. ಇದನ್ನು ಹೇಳಿದಾಗ ಮಾಷ್ಟ್ರು, “ಕಥೆಗಿಂತ ಇದೇ ಒಳ್ಳೆ ಪತ್ತೇದಾರಿ ಉಂಟಲ್ಲ ಮಾರಾಯ್ತಿ” ಅಂದರು.

ಕನ್ನಡದ್ದು ಅಂತ ಬಂದರೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಹೇಗೂ ನಮ್ಮಲ್ಲಿ ಮೊದಲೇ ಇದ್ದ. ಪುಟಗಳ ಮೂಲೆಯಲ್ಲಿ ಎಣ್ಣೆ ಬೆರಳಿನ ಗುರುತು ಸಮೇತ, ಹೋಟೆಲ್ ಹುಡುಗರು ಓದಿದ್ದು. ಆದರೆ ಅವು ಕಾದಂಬರಿ. ಸಣ್ಣ ಪತ್ತೇದಾರಿ ಕಥೆಗಳು ಎಷ್ಟೋ ವಾರಪತ್ರಿಕೆಗಳಲ್ಲೇ ಉಳಿದುಹೋದವು. ಈ ಹಿರಿಯರು ‘ಸುಧಾ’, ‘ತರಂಗ’, ‘ಕಸ್ತೂರಿ’ಗಳಿಂದ ಕಥೆ ಹರಿದು, ಸೇರಿಸಿ, ರಟ್ಟು ಹಾಕಿಸಿಟ್ಟಿದ್ದರು. ಅಂಥ ಕಟ್ಟುಗಳು ಆರು. ಹೆಸರಿಲ್ಲ, ಪ್ರಕಾಶಕ ಇಲ್ಲ, ವರ್ಷ ಇಲ್ಲ, ಕೆಲವು ಕಡೆ ಕಥೆಯ ಹಿಂಬದಿಯಲ್ಲಿ ಅರ್ಧ ಜಾಹೀರಾತು. ಪಟ್ಟಿಯಲ್ಲಿ ಎಲ್ಲಿ ಹಾಕುವುದು? ಒಂದು ಗಂಟೆ ಯೋಚನೆ ಮಾಡಿ, ಸಂಪಾದಕರ ಕಾಲಮ್ಮಿನಲ್ಲಿ ಅವರದೇ ಹೆಸರು ಹಾಕಿದೆ. ಹಿಚ್‌ಕಾಕ್‌ಗಿಂತ ಜಾಸ್ತಿ ಕೆಲಸ ಇವರು ಮಾಡಿದ್ದಾರೆ.

ಸರಿ, ಆ ಭಾನುವಾರಕ್ಕೆ ಬರುತ್ತೇನೆ. ಹನ್ನೆರಡು ಗಂಟೆ ಹೊತ್ತಿಗೆ ಶೆಟ್ರು ಬಂದರು. ಮಾಷ್ಟ್ರ ಹಳೆ ಶಿಷ್ಯ, ಫೋರ್ಟಿನ ಒಂದು ಹೋಟೆಲಿನಲ್ಲಿ ಕ್ಯಾಶಿಗೆ ಕೂತು ರಿಟೈರ್ ಆದವರು. ಪೇಪರ್ ಓದಲು ಬರುವವರು. ನಾನು ಇಂಗ್ಲಿಷ್ ಪುಸ್ತಕದ ರಾಶಿ ಮುಂದೆ ಕೂತದ್ದು ನೋಡಿ ಕೇಳಿದರು, “ತಂಗೀ, ಇದರಲ್ಲಿ ಆ ಕಿವಿಯ ಕಥೆ ಉಂಟಾ? ಡಬ್ಬಿಯಲ್ಲಿ ಉಪ್ಪು, ಉಪ್ಪಿನ ಒಳಗೆ ಎರಡು ಕಿವಿ. ಬೇರೆ ಬೇರೆ ಮನುಷ್ಯರದ್ದು. ಮಾಷ್ಟ್ರು ಹೇಳಿದ್ದು ಶಾಲೆಯಲ್ಲಿ. ಆವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.”

“ಷೆರ್ಲಾಕ್ ಹೋಮ್ಸ್‌ದು ಅದು. ‘ಮೆಮೊಯರ್ಸ್’ ಸಂಕಲನದಲ್ಲಿ ಉಂಟು ನೋಡು. ಕುದುರೆಯ ಕಥೆ ಆದ ಮೇಲೆ ಎರಡನೆಯದು” ಅಂತ ಮಾಷ್ಟ್ರು ಪೇಪರಿನಿಂದ ತಲೆ ಎತ್ತದೆ ಹೇಳಿದರು.

ತೆಗೆದೆ. ಮೊದಲನೆಯದು ಕುದುರೆ ಕಥೆ. ಎರಡನೆಯದು ಹಳದಿ ಮುಖದ ಕಥೆ. ಕಿವಿ ಇಲ್ಲ. ಪರಿವಿಡಿ ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ಇಲ್ಲ. ನಿಮಗೆ ಮರೆತಿರಬೇಕು ಮಾಷ್ಟ್ರೇ, ಬೇರೆ ಯಾರದ್ದೋ ಕಥೆ ಇರಬಹುದು ಅಂದೆ. ಇದನ್ನು ಹೇಳಬಾರದಿತ್ತು. ಮಾಷ್ಟ್ರು ಕನ್ನಡಕ ಏರಿಸಿ ಪುಸ್ತಕ ಕಸಿದುಕೊಂಡರು. ಸರಸರ ಪುಟ ತಿರುವುತ್ತಾ ಹೋದವರು ‘ರೆಸಿಡೆಂಟ್ ಪೇಶೆಂಟ್’ ಅನ್ನುವ ಕಥೆಯ ಹತ್ತಿರ ನಿಂತರು.

“ಇಲ್ಲಿ ನೋಡು. ವಾಟ್ಸನ್ ಗೋಡೆಯ ಪಟ ನೋಡುತ್ತಾ ಎಂತ ಯೋಚಿಸುತ್ತಿದ್ದಾನೆ ಅಂತ ಹೋಮ್ಸ್ ಹೇಳುವುದು. ಇದು ಕಿವಿ ಕಥೆಯ ಮೊದಲ ಭಾಗ. ನಾನು ಕ್ಲಾಸಿನಲ್ಲಿ ಆಕ್ಟ್ ಮಾಡಿ ತೋರಿಸಿದ್ದೆ. ತಲೆ ಇಲ್ಲಿ ಉಂಟು, ದೇಹ ಎಲ್ಲಿ?”

ಹೌದು, ಶೆಟ್ರೂ ಅದನ್ನೇ ಹೇಳಿದರು. ನನಗೆ ಏನೂ ತೋಚಲಿಲ್ಲ. ಲೆಕ್ಕದವಳಿಗೆ ತೋಚುವುದು ಒಂದೇ, ಕೂಡಿಸಿ ನೋಡುವುದು. ಹೋಮ್ಸ್‌ನ ಸಣ್ಣ ಕಥೆಗಳು ಒಟ್ಟು 56, ಪುಸ್ತಕಗಳು ಐದು. ನನ್ನ ಪಟ್ಟಿಯಲ್ಲಿ ಐದೂ ಇದ್ದವು. 12, 11, 13, 7, 12. ಒಟ್ಟು 55.

ಒಂದು ಕಥೆ ಕಡಿಮೆ. ಆಫೀಸಿನಲ್ಲಿ ಒಂದು ರೂಪಾಯಿ ತಪ್ಪಿದಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಅದೇ ಆಯಿತು.

ಫೋನಿನಲ್ಲಿ ಹುಡುಕಿದೆ. ವಿಷಯ ಹೀಗೆ. ಆ ಕಥೆ ಸ್ಟ್ರಾಂಡ್ ಪತ್ರಿಕೆಯಲ್ಲಿ ಬಂದದ್ದು 1893ರಲ್ಲಿ. ಪುಸ್ತಕ ಮಾಡುವಾಗ ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ಅದನ್ನು ಬೇಡ ಅಂದರು. ಅದರಲ್ಲಿ ಗಂಡ, ಹೆಂಡತಿ, ಇನ್ನೊಬ್ಬ ಅಂತ ವಿಷಯ ಇದೆ. ಲಂಡನ್ನಿನ ಪುಸ್ತಕದಲ್ಲಿ 11 ಕಥೆಯೇ ಬಂದವು. ಅಮೆರಿಕದಲ್ಲಿ ಮಾತ್ರ ಮೊದಲ ಸಲ 12 ಅಚ್ಚಾಗಿ, ಆಮೇಲೆ ಅಲ್ಲೂ ತೆಗೆದರು. ಮನಸ್ಸು ಓದುವ ಭಾಗ ಚೆನ್ನಾಗಿತ್ತಲ್ಲ, ಅದನ್ನು ಕತ್ತರಿಸಿ ಬೇರೆ ಕಥೆಗೆ ಅಂಟಿಸಿದರು. ಕಿವಿ ಕಥೆಗೆ ಮತ್ತೆ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು 1917ರಲ್ಲಿ, ‘ಹಿಸ್ ಲಾಸ್ಟ್ ಬೋ’ ಬಂದಾಗ. ಈಗಲೂ ಕೆಲವು ಪ್ರಕಾಶಕರು ಅದನ್ನು ಅಲ್ಲಿ ಹಾಕುತ್ತಾರೆ, ಕೆಲವರು ‘ಮೆಮೊಯರ್ಸ್’ನಲ್ಲೇ ಹಾಕುತ್ತಾರೆ. ನಮ್ಮ ಹತ್ತಿರ ಒಬ್ಬ ಪ್ರಕಾಶಕನ 11ರ ಪ್ರತಿ, ಇನ್ನೊಬ್ಬನ 7ರ ಪ್ರತಿ. ಎರಡರ ಮಧ್ಯೆ ಕಥೆ ಜಾರಿಹೋಗಿದೆ.

ಅಷ್ಟು ಓದಿ ಮುಗಿಸುವಾಗ ನೆನಪಾಯಿತು. ‘ಮೆಮೊಯರ್ಸ್’ ಎರಡು ಪ್ರತಿ ಇತ್ತು. ಇನ್ನೊಂದನ್ನು ಹೋದ ವಾರ ನಾನೇ, ಪರಿವಿಡಿ ತೆರೆಯದೆ, ಡ್ಯೂಪ್ಲಿಕೇಟ್ ಅಂತ ಚೀಟಿ ಹಚ್ಚಿ ಬಾಗಿಲ ಬಳಿ ಇಟ್ಟಿದ್ದೆ.

“ಅದಾ? ಬೆಳಿಗ್ಗೆ ರದ್ದಿಯವನಿಗೆ ಕೊಟ್ಟೆನಲ್ಲ” ಅಂದರು ಮಾಷ್ಟ್ರು. “ನೀನೇ ಬರೆದು ಹಚ್ಚಿದ್ದು.”

ಕೊಡೆ ತೆಗೆದುಕೊಂಡು ಓಡಿದೆ. ಶೆಟ್ರೂ ಹಿಂದೆ ಬಂದರು, ಮಂಡಿನೋವು ಇದ್ದವರು. ರದ್ದಿ ಅಂಗಡಿ ಎರಡು ಗಲ್ಲಿ ಆಚೆ, ರಸ್ತೆಯಲ್ಲಿ ಮೊಣಕಾಲಿಗೆ ಸ್ವಲ್ಪ ಕೆಳಗೆ ನೀರು. ಅಂಗಡಿಯವನು ಬುದ್ಧಿವಂತ, ಪೇಪರ್ ಬೇರೆ, ಪುಸ್ತಕ ಬೇರೆ ಮಾಡಿ ಇಟ್ಟಾಗಿತ್ತು. ನಮ್ಮದು ಮೇಲೆಯೇ ಇತ್ತು, ನನ್ನ ಚೀಟಿ ಸಮೇತ. ತೆರೆದೆ. ಕುದುರೆ. ಆಮೇಲೆ ‘ದಿ ಕಾರ್ಡ್‌ಬೋರ್ಡ್ ಬಾಕ್ಸ್’. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ 12.

ಅದು ರೂಪಾಯಿ ಅಲ್ಲ. ಕಥೆಗಳ ಲೆಕ್ಕ. ಮಳೆಯಲ್ಲಿ ನಿಂತು ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಆ ಮನುಷ್ಯ ಎರಡು ಪ್ರತಿ ಇಟ್ಟುಕೊಂಡದ್ದು ಮರೆವಿನಿಂದ ಅಲ್ಲ. ಅವರಿಗೆ ಗೊತ್ತಿತ್ತು. ನನಗಿಂತ ಮೊದಲೇ ಕೂಡಿಸಿ ನೋಡಿದ್ದರು.

ರದ್ದಿಯವನು ಮೂವತ್ತು ರೂಪಾಯಿ ಕೇಳಿದ. ಬೆಳಿಗ್ಗೆ ಕಿಲೋ ಲೆಕ್ಕದಲ್ಲಿ ತಗೊಂಡಿಯಲ್ಲ ಭಾವೂ ಅಂತ ಮರಾಠಿಯಲ್ಲಿ ಜಗಳಕ್ಕೆ ನಿಂತೆ. ತಗೊಳ್ಳುವಾಗ ರದ್ದಿ, ಕೊಡುವಾಗ ಪುಸ್ತಕ ಅಂದ. ಅದಕ್ಕೆ ಎದುರು ಹೇಳಲು ಆಗಲಿಲ್ಲ. ದುಡ್ಡು ಶೆಟ್ರು ಕೊಟ್ಟರು, ನಾನು ಬೇಡ ಅಂದರೂ.

ವಾಪಸು ಬಂದು ಒದ್ದೆ ಬಟ್ಟೆಯಲ್ಲೇ ಉಳಿದ ಪುಸ್ತಕಗಳ ಪೆನ್ಸಿಲ್ ಅಂಕಿಯನ್ನು ಪರಿವಿಡಿ ಜೊತೆ ಹೋಲಿಸುತ್ತಾ ಕೂತೆ. ಉಲ್ಟಾ ತಪ್ಪೂ ಸಿಕ್ಕಿತು. ಅಗಾಥಾ ಕ್ರಿಸ್ಟಿಯ ‘ದಿ ಥರ್ಟೀನ್ ಪ್ರಾಬ್ಲಮ್ಸ್’ ಮತ್ತು ‘ದಿ ಟ್ಯೂಸ್‌ಡೇ ಕ್ಲಬ್ ಮರ್ಡರ್ಸ್’ ಎರಡನ್ನೂ ಬೇರೆ ಬೇರೆ ಪುಸ್ತಕ ಅಂತ ಬರೆದು 26 ಕಥೆ ಲೆಕ್ಕ ಹಾಕಿದ್ದೆ. ಒಂದೇ ಪುಸ್ತಕ ಅದು, 1932ರಲ್ಲಿ ಇಂಗ್ಲೆಂಡಿನಲ್ಲಿ ಮೊದಲನೇ ಹೆಸರು, ಮರುವರ್ಷ ಅಮೆರಿಕದಲ್ಲಿ ಎರಡನೇ ಹೆಸರು. ಎರಡರಲ್ಲೂ ಪೆನ್ಸಿಲಿನ 13 ಇತ್ತು, ಅಮೆರಿಕದ್ದರಲ್ಲಿ ಅಂಕಿಯ ಪಕ್ಕ ಸಣ್ಣದೊಂದು ‘ಅದೇ’ ಅಂತ ಕನ್ನಡದಲ್ಲಿ ಬರೆದಿತ್ತು. ಹೋದ ವಾರ ಅದನ್ನು ನೋಡಿದ್ದೆ. ಅಂಗಡಿಯವನ ಸಹಿ ಅಂದುಕೊಂಡಿದ್ದೆ!

ಇನ್ನು ಮೇಲೆ ಪುಸ್ತಕಕ್ಕೆ ಒಂದು ಸಾಲು ಅಲ್ಲ, ಕಥೆಗೆ ಒಂದು ಸಾಲು ಅಂತ ಮಾಷ್ಟ್ರಿಗೆ ಹೇಳಿದೆ. ಹೊರಗೆ ಇದನ್ನು ಎಂದೋ ಮಾಡಿದ್ದಾರೆ, ವಿಲಿಯಂ ಕಾಂಟೆಂಟೊ ಅನ್ನುವವರು ವಿಜ್ಞಾನ ಕಥೆಗಳ ಸಂಕಲನಗಳಿಗೆ ಹೀಗೆ ಕಥೆಗಳ ಸೂಚಿಯನ್ನೇ 1978ರಲ್ಲಿ ಪುಸ್ತಕವಾಗಿ ತಂದಿದ್ದರು. ಮಾಷ್ಟ್ರು ಕಾರ್ಟನ್‌ಗಳ ಕಡೆ ನೋಡಿ, “ನನ್ನ ಆಯುಷ್ಯಕ್ಕೆ ಮುಗಿಯುದಿಲ್ಲ” ಅಂದರು. ಆಮೇಲೆ, “ಕನ್ನಡದ ಆ ಆರು ಕಟ್ಟು ಮೊದಲು ಹಿಡಿ. ಇಂಗ್ಲಿಷಿನದ್ದು ಬೇರೆಯವರು ಬರೆದಿಟ್ಟಿದ್ದಾರೆ” ಅಂದರು.

ಶೆಟ್ರು ಕಿಟಕಿ ಬಳಿ ಕೂತು ಓದುತ್ತಿದ್ದರು, ಬೆರಳು ಸಾಲಿನ ಕೆಳಗೆ ಇಟ್ಟು, ನಿಧಾನ. ಐದು ಗಂಟೆಗೆ ಬಾಗಿಲು ಹಾಕುವ ಹೊತ್ತಿಗೆ ಇನ್ನೂ ಮುಗಿದಿರಲಿಲ್ಲ. ಮನೆಗೆ ತಗೊಂಡು ಹೋಗ್ತೇನೆ ಅಂದರು. ರಿಜಿಸ್ಟರ್ ಕೊಟ್ಟೆ. ತಾರೀಕು ಬರೆದು, ಪುಸ್ತಕದ ಹೆಸರಿನ ಕಾಲಮ್ಮಿನಲ್ಲಿ ‘ಕಿವಿ ಕಥೆ’ ಅಂತ ಬರೆದು ಸಹಿ ಹಾಕಿದರು. ತಿದ್ದಲು ಪೆನ್ನು ತೆಗೆದೆ, ಮತ್ತೆ ಕ್ಯಾಪ್ ಹಾಕಿದೆ.