ಸುಂಟಿಕೊಪ್ಪದಾಚೆ, ಗಂಟೆಗೊಂದು ಗ್ಲಾಸ್

ಕೊಡಗಿನ ಸುಂಟಿಕೊಪ್ಪದಿಂದ ತೋಟದೊಳಗಿನ ಮಣ್ಣುರಸ್ತೆಗೆ ತಿರುಗಿದರೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ರೊಬಸ್ಟಾ ಕಾಫಿ ಗಿಡಗಳ ನಡುವೆ ಹೆಂಚಿನ ಕಾಟೇಜ್‌ಗಳು. ಕ್ಯಾನ್ಸರಿಗೆ ಆಹಾರ ಚಿಕಿತ್ಸೆ ಕೊಡುವ ರೆಸಾರ್ಟ್ ಇದು. ಜಾಗ ಚೆಂದ, ಹಾಸಿಗೆ ಚೊಕ್ಕ, ನಡೆದಾಡಲು ಸಮತಟ್ಟಾದ ದಾರಿ. ದಣಿದ ರೋಗಿಗೆ ಇಷ್ಟೇ ಕೊಟ್ಟು ಬಿಲ್ ಮಾಡಿದ್ದರೆ ತಕರಾರಿರಲಿಲ್ಲ. ಕೈಗಿಟ್ಟ ಪತ್ರದಲ್ಲಿ ‘ಗುಣ’ ಎಂಬ ಮಾತಿಲ್ಲ, ‘ಕೋಶಗಳ ಪುನಶ್ಚೇತನ’ ಎಂದಿದೆ. ಕ್ಯಾನ್ಸರ್ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಬಾಯಲ್ಲಿ ಸಾರುವುದಕ್ಕೂ ಅದು ಅನ್ವಯಿಸುತ್ತದೆ.

ನಾನು ನಿಂತುಬಿಟ್ಟದ್ದು ಅಡುಗೆಮನೆಯಲ್ಲಿ. “ಬೆಳಿಗ್ಗೆ ಎಂಟಕ್ಕೆ ಶುರು ಮೇಡಂ, ರಾತ್ರಿ ಎಂಟರವರೆಗೆ ಗಂಟೆಗೊಂದು ಗ್ಲಾಸ್,” ಎಂದರು ಅಡುಗೆಯವರು. “ಒಬ್ಬರಿಗೇ ದಿನಕ್ಕೆ ಎಂಟು ಕೆಜಿ ಹಿಂಡ್ತೀವಿ. ಕ್ಯಾರೆಟ್, ಸೇಬು, ಸೊಪ್ಪು.”

“ಉಪ್ಪು?”

“ಈ ಕಡೆ ಉಪ್ಪಿನ ಡಬ್ಬಿನೇ ಇಲ್ಲ. ನಮ್ಮ ಅಡುಗೆ ಹಿಂದ್ಗಡೆ.”

ಹಿಂದೆ ಸೌದೆ ಒಲೆಯ ಮೇಲೆ ಕೆಲಸದವರ ಅಕ್ಕಿ ಉಂಡೆ ಕಡಂಬುಟ್ಟು ಬೇಯುತ್ತಿತ್ತು, ಪಕ್ಕದಲ್ಲಿ ಕೋಳಿ ಸಾರು. “ಒಬ್ಬರು ಅಮ್ಮ ದಿನಾ ಇಲ್ಲಿಗೇ ಬಂದು ಕೇಳ್ತಾರೆ. ಕೊಟ್ರೆ ನನ್ನ ಕೆಲಸ ಹೋಗುತ್ತೆ.”

ಆ ಅಮ್ಮ ಕೇಳುತ್ತಿದ್ದದ್ದೇ ಸರಿ. ಹದಿಮೂರು ಗ್ಲಾಸ್ ರಸ, ಉಪ್ಪಿಲ್ಲದ ಊಟ, ಕಾಫಿ ಎನಿಮಾ (ಗುದದ್ವಾರದಿಂದ ಕರುಳಿಗೆ ಕಾಫಿ ಏರಿಸುವುದು) ಮೂರೂ ಜರ್ಮನ್ ಮೂಲದ ವೈದ್ಯ ಮ್ಯಾಕ್ಸ್ ಗೆರ್ಸನ್ ಪದ್ಧತಿಯವು. ಬೋರ್ಡಿನ ಮೇಲೆ ಮಾತ್ರ ಋಷಿಗಳ ಚಿತ್ರ! ಐವತ್ತು ಕೆಜಿ ತೂಕದ ರೋಗಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಹದಿಮೂರು ಗ್ಲಾಸ್ ಕ್ಯಾರೆಟ್ ರಸದಲ್ಲಿ ಸಿಗುವುದು ಹೆಚ್ಚೆಂದರೆ 30. ಊಟದಲ್ಲೂ ಸಿಗದಿದ್ದರೆ ಉಳಿದದ್ದನ್ನು ದೇಹ ಸ್ನಾಯು ಕರಗಿಸಿ ತುಂಬಿಕೊಳ್ಳುತ್ತದೆ. ಹೀಗೆ ಸೊರಗಿದವರಿಗೆ ಕೀಮೋ ಡೋಸ್ ಇಳಿಸಬೇಕಾಗುತ್ತದೆ, ಇಲ್ಲವೇ ಮುಂದೂಡಬೇಕಾಗುತ್ತದೆ. ಉಪ್ಪು ಬಿಡಿಸಿ ಮೇಲಿಂದ ಮೇಲೆ ಎನಿಮಾ ಕೊಟ್ಟರೆ ಸೋಡಿಯಂ, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಇದರಿಂದ ಸಾವುಗಳೂ ಆಗಿವೆ. ಕಾಫಿ ನಾಡಿನ ಕಾಫಿಗೆ ಬಾಯಿಯ ದಾರಿಯೇ ಸಾಕು.

ರೆಸಾರ್ಟಿನ ಅಂಗಡಿಯಲ್ಲಿ ‘ವಿಟಮಿನ್ ಬಿ17’ ಚೀಟಿಯ ಏಪ್ರಿಕಾಟ್ ಬೀಜಗಳಿದ್ದವು. ಅದು ವಿಟಮಿನ್ ಅಲ್ಲ, ಅಮಿಗ್ಡಲಿನ್. ಕರುಳಿನಲ್ಲಿ ಒಡೆದು ಸಯನೈಡ್ ಆಗುತ್ತದೆ. 1982ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 178 ರೋಗಿಗಳಿಗೆ ಇದನ್ನು ಕೊಟ್ಟು ನೋಡಿದರು, ಪ್ರಯೋಜನವಾಗಲಿಲ್ಲ. ಸಲಾಡ್‌ನಲ್ಲಿ ತೋಟದ್ದೇ ಚಕ್ಕೋತ. ರುಚಿ ಅದ್ಭುತ, ಆದರೆ ಲ್ಯಾಪಟಿನಿಬ್, ನಿಲೋಟಿನಿಬ್ ಥರದ ಕ್ಯಾನ್ಸರ್ ಮಾತ್ರೆ ನುಂಗುವವರ ರಕ್ತದಲ್ಲಿ ಔಷಧದ ಮಟ್ಟ ಏರಿಸಬಹುದು. ಯಾವ ಮಾತ್ರೆಯೆಂದು ಬಡಿಸುವವರು ಯಾರನ್ನೂ ಕೇಳಲಿಲ್ಲ.

ಸಂಜೆ ಒಬ್ಬರಿಗೆ ಚಳಿಜ್ವರ ಬಂತು. ಕೀಮೋ ಆಗಿ ಹತ್ತು ದಿನ. ಏಳರಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ತೀರಾ ಇಳಿಯುತ್ತವೆ. ಸರಿಯಾಗಿ ತೊಳೆಯದ ಹಸಿ ಸೊಪ್ಪಿನ ರಸವೂ ಆಗ ಅಪಾಯ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಗಂಟೆಯೊಳಗೆ ಆ್ಯಂಟಿಬಯೋಟಿಕ್ ಬೀಳಬೇಕು. “ವಿಷ ಹೊರಗೆ ಹೋಗ್ತಿದೆ, ಒಳ್ಳೇ ಲಕ್ಷಣ,” ಎಂದರು ಕೌಂಟರ್‌ನಲ್ಲಿ. ಇದ್ದ ಒಂದೇ ಜೀಪು ಕ್ಯಾರೆಟ್ ತರಲು ಕುಶಾಲನಗರಕ್ಕೆ ಹೋಗಿತ್ತು. ಅದು ಮರಳಿದ ಮೇಲಷ್ಟೇ ಅವರನ್ನು ಮಡಿಕೇರಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದದ್ದು.

ಹೋಗಲೇಬೇಕೆಂದರೆ ಸ್ವಂತ ಗಾಡಿ ಅಲ್ಲೇ ನಿಲ್ಲಿಸಿಕೊಳ್ಳಿ. ಥರ್ಮಾಮೀಟರ್, ಕೊನೆಯ ಕೀಮೋ ದಿನಾಂಕ, ರಕ್ತಪರೀಕ್ಷೆಯ ಚೀಟಿ ಒಂದೇ ಚೀಲದಲ್ಲಿರಲಿ. ಹಣ ಕಟ್ಟುವ ಮೊದಲೇ ಬೇಯಿಸಿದ ಮೊಟ್ಟೆ, ಮೊಸರು, ಉಪ್ಪು ಹಾಕಿದ ಬೇಳೆ ಸಾರು ಕೊಡುತ್ತಾರಾ ಎಂದು ಕೇಳಿ.