ಕಮಾನು ಸೇತುವೆಯ ಗೋಡೆ ಕೊನೆಗೂ ಸೊಟ್ಟಗಾಗದೆ ನಿಂತಿದೆ

ನನ್ನ ಮಾದರಿ ರೈಲು ಲೇಔಟಿನ ಕಮಾನು ಸೇತುವೆಯಲ್ಲಿ ಒಳಬದಿಯ ಪ್ಯಾರಾಪೆಟ್ ಗೋಡೆಗೂ (ಸೇತುವೆಯ ಅಂಚಿನ ತಡೆಗೋಡೆ) ಅದರ ಪಕ್ಕದಲ್ಲಿ ಹಾಯುವ ಉದ್ದನೆಯ ಕೋಚಿಗೂ ನಡುವೆ 2.3 ಮಿ.ಮೀ. ಸಂದು. ಗೋಡೆ ಅಂಟಿಸಿದ ದಿನ ಅಷ್ಟಿತ್ತು, ವಾರಗಳು ಉರುಳಿದ ಮೇಲೂ ಅಷ್ಟೇ ಇದೆ. ಐದೂ ಕಮಾನುಗಳ ನೆತ್ತಿಯಲ್ಲಿ ಕ್ಯಾಲಿಪರ್ ಹಿಡಿದು ಅಳೆದಿದ್ದೇನೆ, ಎಲ್ಲೂ ಕದಲಿಲ್ಲ. ಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಗಳಿಂದ ಉದ್ದನೆಯ ಗೋಡೆ ಕಟ್ಟಿದವರಿಗೆ ಈ ಸುದ್ದಿಯ ಬೆಲೆ ಗೊತ್ತು.

ಲೇಔಟ್ ಎನ್ ಸ್ಕೇಲಿನದು, 1:160, ಅಂದರೆ ನಿಜದ 160ರಲ್ಲಿ ಒಂದು ಪಾಲು, ಎರಡು ಹಳಿಗಳ ನಡುವಿನ ಅಗಲ 9 ಮಿ.ಮೀ. ಫೋಮ್ ಕೊರೆದು ಕಣಿವೆ ಮಾಡಿದ್ದು, ಪ್ಲಾಸ್ಟರ್ ಬಟ್ಟೆ ಹೊದಿಸಿದ್ದು, ಬಂಡೆಗಳನ್ನು ಅಚ್ಚಿನಲ್ಲಿ ಎರಕ ಹೊಯ್ದದ್ದು ಎಲ್ಲವೂ ನಿಮಗೆ ಗೊತ್ತಿರುವ ಕೆಲಸವೇ. ಅವನ್ನು ಬಿಟ್ಟು ಸೇತುವೆಯ ಎರಡು ಗೋಡೆಗಳ ವಿಷಯಕ್ಕೇ ಬರುತ್ತೇನೆ.

ಸೇತುವೆ ತಿರುವಿನ ಮೇಲಿದೆ, ತ್ರಿಜ್ಯ 300 ಮಿ.ಮೀ. ನಿಜದ ಅಳತೆಗೆ ಹಿಗ್ಗಿಸಿದರೆ 48 ಮೀಟರ್. ಸ್ವಿಟ್ಜರ್ಲೆಂಡಿನ ಹೆಸರುವಾಸಿ ಲ್ಯಾಂಡ್‌ವಾಸರ್ ಸೇತುವೆ ಮೀಟರ್ ಗೇಜಿನದು, ಗುಡ್ಡಗಾಡಿನದು. ಅದರ ತಿರುವಿನ ತ್ರಿಜ್ಯವೂ 100 ಮೀಟರ್ ಇದೆ. ನಮ್ಮ ಸ್ಕೇಲಿನಲ್ಲಿ ಅದು 625 ಮಿ.ಮೀ. ಆಗುತ್ತದೆ, ಅಂದರೆ ನನ್ನ ತಿರುವಿನ ಎರಡು ಪಟ್ಟಿಗೂ ಹೆಚ್ಚು. ಮೇಜಿನ ಅಗಲ ಇಷ್ಟೇ ಇರುವಾಗ ಬೇರೆ ದಾರಿಯಿಲ್ಲ. ಆದರೆ ಇಷ್ಟು ಬಿಗಿಯಾದ ತಿರುವಿನಲ್ಲಿ ಉದ್ದನೆಯ ಕೋಚು ಓಡಿಸಬೇಕಾದರೆ ಪ್ರತಿ ಮಿಲಿಮೀಟರಿಗೂ ಲೆಕ್ಕ ಇಡಬೇಕು. ಯುರೋಪಿನ 26.4 ಮೀಟರ್ ಉದ್ದದ ಕೋಚು 1:160ರಲ್ಲಿ 165 ಮಿ.ಮೀ. ಬರುತ್ತದೆ. ಅದರ ಎರಡು ಗಾಲಿಚೌಕಟ್ಟುಗಳ ಕೇಂದ್ರಗಳ ನಡುವಿನ ದೂರ ಸುಮಾರು 119 ಮಿ.ಮೀ. ಈ ದೂರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ, ಕೋಚಿನ ನಡುಭಾಗ ತಿರುವಿನ ಒಳಕ್ಕೆ ಎಷ್ಟು ಸರಿಯುತ್ತದೆ ಎಂಬುದು ಸಿಗುತ್ತದೆ: 5.9 ಮಿ.ಮೀ. ಕೋಚಿನ ಅರ್ಧ ಅಗಲ 8.8 ಸೇರಿಸಿದರೆ ಹಳಿಯ ನಡುಗೆರೆಯಿಂದ 14.7. ಗೋಡೆಯ ಮುಖವನ್ನು 17 ಮಿ.ಮೀ. ದೂರದಲ್ಲಿ ನಿಲ್ಲಿಸಿದೆ. ಉಳಿದದ್ದೇ ಆ 2.3.

ಹೊರಗೋಡೆಯ ಕಡೆ ಕೋಚಿನ ಮೂಲೆಗಳು ಚಾಚುತ್ತವೆ. ಅಲ್ಲಿ ಪೂರ್ತಿ ಉದ್ದದ ವರ್ಗದಿಂದ ಕೇಂದ್ರದೂರದ ವರ್ಗ ಕಳೆದು ಅದೇ ರೀತಿ ಭಾಗಿಸಬೇಕು: 5.4 ಮಿ.ಮೀ. ಕಾಗದದ ಮೇಲೆ ಎರಡೂ ಬದಿಗೂ ಸಾಕಷ್ಟು ಜಾಗವಿತ್ತು, ಮೊದಲ ಸಲ ಗೋಡೆ ಕಟ್ಟಿದಾಗಲೂ ಇತ್ತು. ಕೋಚುಗಳು ಸರಾಗವಾಗಿ ಓಡಿದವು.

ಕೆಲವು ವಾರಗಳ ನಂತರ ಗಾಡಿ ಓಡಿಸಿದರೆ ಸೇತುವೆಯ ಮೇಲೆ ಕರಕರ ಸದ್ದು. ಮೂರನೆಯ ಕಮಾನಿನ ನೆತ್ತಿಯಲ್ಲಿ ಕೋಚಿನ ನಡುವಿನ ಕಿಟಕಿಗಳ ಕೆಳಗೆ ಬಣ್ಣ ಕೆರೆದುಹೋಗಿತ್ತು. ಸೇತುವೆಯ ಒಂದು ತುದಿಯಿಂದ ಕಣ್ಣು ಹಾಯಿಸಿದಾಗ ತಿಳಿಯಿತು, ಗೋಡೆ ಈಗ ಒಂದೇ ನಯವಾದ ತಿರುವಾಗಿ ಉಳಿದಿರಲಿಲ್ಲ. ಕಂಬಗಳ ಬಳಿ ತನ್ನ ಜಾಗದಲ್ಲೇ ಇತ್ತು, ಪ್ರತಿ ಎರಡು ಕಂಬಗಳ ನಡುವೆ ಹಳಿಯ ಕಡೆಗೆ ಹೊಟ್ಟೆ ಬಿಟ್ಟಿತ್ತು. ಹೊರಗೋಡೆಯೂ ಕಂಬದಿಂದ ಕಂಬಕ್ಕೆ ನೇರವಾಗಿ ಎಳೆದುಕೊಂಡು, ತಿರುವು ಹೋಗಿ ಐದು ತುಂಡು ಗೆರೆಗಳಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ಕೂರಿಸಿದ ಕಲ್ಲಿನ ಸಾಲುಗಳು ಹೀಗೆ ಹಾಳಾದದ್ದನ್ನು ನೋಡಿ ನನಗೆ ಎರಡು ದಿನ ಆ ಕಡೆ ತಿರುಗಲೂ ಮನಸ್ಸಾಗಲಿಲ್ಲ.

ಗೋಡೆಯ ರಚನೆ ನಾವೆಲ್ಲ ಮಾಡುವಂಥದ್ದೇ. ಒಳಗೆ 1 ಮಿ.ಮೀ. ದಪ್ಪದ ಸಾದಾ ಹಾಳೆ, ಹೊರಗೆ 0.5 ಮಿ.ಮೀ.ನ ಉಬ್ಬು ಕಲ್ಲಿನ ಹಾಳೆ (ಕಲ್ಲುಗಳ ಆಕಾರ ಉಬ್ಬಿಸಿದ ಸ್ಟೈರೀನ್), ನಡುವೆ ಕುಂಚದಿಂದ ಹರಿಸಿದ ದ್ರಾವಕ. ದ್ರಾವಕ ಎರಡು ಹಾಳೆಗಳ ಸಂದಿನಲ್ಲಿ ತಾನಾಗಿಯೇ ಹರಡಿಕೊಳ್ಳುತ್ತದೆ, ಎರಡೂ ಮುಖಗಳನ್ನು ಕರಗಿಸಿ ಒಂದು ಮಾಡುತ್ತದೆ. ಚಿಕ್ಕ ತುಂಡಾದರೆ ಅಂಚುಗಳಿಂದ ಬೇಗ ಆರಿಹೋಗುತ್ತದೆ. ಅಗಲವಾದ ಗೋಡೆಯಲ್ಲಿ ಅಂಚು ಮೊದಲು ಗಟ್ಟಿಯಾಗಿ, ನಡುವಿನದಕ್ಕೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಆ ಮೇಲೆ ಅದು ಹಾಳೆಯ ಮೂಲಕವೇ ನಿಧಾನವಾಗಿ ಹೊರಗೆ ಹೋಗಬೇಕು. ತೆಳು ಹಾಳೆಯ ಮೂಲಕ ಬೇಗ ಹೋಗುತ್ತದೆ, ಹೋಗುತ್ತಾ ಆ ಹಾಳೆಯನ್ನು ಕುಗ್ಗಿಸುತ್ತದೆ. ಜೊತೆಗೆ, ಉಬ್ಬು ಮೂಡಿಸುವಾಗ ಹಾಳೆಯೊಳಗೆ ಉಳಿದುಕೊಂಡ ಬಿಗಿತವೂ ದ್ರಾವಕ ತಾಗಿದಾಗ ಸಡಿಲವಾಗುತ್ತದೆ. ಹೊರಮೈ ಕುಗ್ಗಿದರೆ ಗೋಡೆ ಹೊರಮೈ ತಗ್ಗಾಗುವಂತೆ ಬಾಗಲೇಬೇಕು. ಕಂಬಗಳ ಬಳಿ ಅಂಟಿಕೊಂಡಿರುವುದರಿಂದ ಅಲ್ಲಿ ಅಲುಗಾಡುವಂತಿಲ್ಲ, ಆದ್ದರಿಂದ ನಡುಭಾಗವೇ ಒಳಕ್ಕೆ, ಹಳಿಯ ಕಡೆಗೆ ಬರುತ್ತದೆ.

ಇದು ಊಹೆಯಲ್ಲ. ಗೋಡೆಯನ್ನು ಕಿತ್ತು ಮೂರನೆಯ ಕಮಾನಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಕತ್ತರಿಸಿದೆ. ಅಷ್ಟು ವಾರಗಳಾದ ಮೇಲೂ ಕತ್ತರಿಸಿದ ಅಂಚಿನಿಂದ ದ್ರಾವಕದ ವಾಸನೆ ಬಂತು, ಎರಡು ಹಾಳೆಗಳ ನಡುವಿನ ಪದರ ಉಗುರಿಗೆ ಮೆತ್ತಗಿತ್ತು. ಕಾರಣ ಕೈಗೆ ಸಿಕ್ಕಿದ ಮೇಲೆ ಕೆಲಸಕ್ಕೆ ಮತ್ತೆ ಹುರುಪು ಬಂತು.

ಮೊದಲು ದ್ರಾವಕವನ್ನೇ ಬಿಟ್ಟುಬಿಡುವ ದಾರಿ ನೋಡಿದೆ. ಸೂಪರ್ ಗ್ಲೂ ಹಾಳೆಯನ್ನು ಸರಿಯಾಗಿ ಕೂರಿಸುವಷ್ಟು ಸಮಯವನ್ನೇ ಕೊಡುವುದಿಲ್ಲ. ಕಲ್ಲಿನ ಸಾಲು ಅರ್ಧ ಮಿಲಿಮೀಟರ್ ಓರೆಯಾದರೂ ಐದು ಕಮಾನುಗಳ ಉದ್ದಕ್ಕೆ ಅದು ಎದ್ದು ಕಾಣುತ್ತದೆ. ಕಾಂಟ್ಯಾಕ್ಟ್ ಅಂಟಿನ ಗಂಟುಗಳು 0.5 ಮಿ.ಮೀ. ಹಾಳೆಯಡಿ ಉಬ್ಬಾಗಿ ಮೂಡುತ್ತವೆ. ಎರಡು ಬದಿ ಅಂಟುವ ಪಟ್ಟಿ ನೇರ ಗೋಡೆಗೆ ಚೆನ್ನಾಗಿದೆ, ತಿರುವಿನಲ್ಲಿ ಮಾತ್ರ ತುದಿಗಳು ಬಿಟ್ಟುಕೊಳ್ಳುತ್ತವೆ. ಕೊನೆಗೆ ದ್ರಾವಕಕ್ಕೇ ಮರಳಿದೆ. ಸ್ಟೈರೀನ್ ಅನ್ನು ಸ್ಟೈರೀನ್‌ಗೆ ಕೂಡಿಸಲು ಅದಕ್ಕಿಂತ ಗಟ್ಟಿಯಾದ ಬೆಸುಗೆ ಇಲ್ಲ. ಅದಕ್ಕೆ ಹೊರಗೆ ಹೋಗುವ ದಾರಿ ಮಾಡಿಕೊಡಬೇಕು, ಅಷ್ಟೇ.

ಈಗಿನ ಗೋಡೆಯಲ್ಲಿ ಮೂರು ಬದಲಾವಣೆಗಳಿವೆ. ಒಳಗಿನ 1 ಮಿ.ಮೀ. ಹಾಳೆಯ ಬದಲು 0.5ರ ಎರಡು ಹಾಳೆಗಳು. ಪ್ಲೈವುಡ್‌ನಿಂದ ಕತ್ತರಿಸಿದ ಅಚ್ಚಿನ ಮೇಲೆ ಅವನ್ನು ಬಿಗಿದು, ಬಿಸಿನೀರು ಹೊಯ್ದು, ಪೂರ್ತಿ ತಣ್ಣಗಾಗುವವರೆಗೆ ಬಿಟ್ಟೆ. ಬಿಚ್ಚಿದಾಗ ಹಾಳೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಆದ್ದರಿಂದ ಅಚ್ಚಿನ ತ್ರಿಜ್ಯ ಬೇಕಾದದ್ದಕ್ಕಿಂತ ಕಡಿಮೆ ಇರಬೇಕು. ಹೀಗೆ ಮಾಡಿದರೆ ತಿರುವು ಹಾಳೆಯ ಸ್ವಂತದ್ದಾಗುತ್ತದೆ. ಬಲವಂತವಾಗಿ ಬಗ್ಗಿಸಿ ಅಂಟಿಸಿದ ಹಾಳೆ ನೆಟ್ಟಗಾಗಲು ಸದಾ ಹವಣಿಸುತ್ತಿರುತ್ತದೆ. ಒಂದು ಎಚ್ಚರಿಕೆ: ಉಬ್ಬು ಕಲ್ಲಿನ ಹಾಳೆಯನ್ನು ಕುದಿಯುವ ನೀರಿಗೆ ಒಡ್ಡಬೇಡಿ. ಪಾಲಿಸ್ಟೈರೀನ್ ಮೆತ್ತಗಾಗುವುದು ಹೆಚ್ಚುಕಡಿಮೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಆ ಬಿಸಿಗೆ ಕಲ್ಲುಗಳು ಸಪಾಟಾಗಿಬಿಡುತ್ತವೆ. ಅದನ್ನು ಕೈಯಲ್ಲಿ ನಿಧಾನವಾಗಿ ಉರುಳಿಸಿ ಬಗ್ಗಿಸಿದರೆ ಸಾಕು.

ಎರಡನೆಯದು ರಂಧ್ರಗಳು. ಒಳಹಾಳೆಗಳ ತುಂಬ 3 ಮಿ.ಮೀ. ರಂಧ್ರಗಳು, 8 ಮಿ.ಮೀ.ಗೆ ಒಂದರಂತೆ. ಕೊರೆಯುವುದನ್ನು ಬಗ್ಗಿಸಿದ ಮೇಲೆಯೇ ಮಾಡಬೇಕು. ಮೊದಲೇ ಕೊರೆದರೆ ಹಾಳೆ ರಂಧ್ರಗಳ ಸಾಲಿನಲ್ಲಿ ಮುರಿಮುರಿಯಾಗಿ ಬಾಗುತ್ತದೆ, ನಯವಾದ ತಿರುವು ಸಿಗುವುದಿಲ್ಲ. ದ್ರಾವಕವನ್ನು ಎಲ್ಲ ಕಡೆ ಹರಿಸದೆ ಅಂಚುಗಳಿಗೆ ಮತ್ತು ರಂಧ್ರಗಳ ಸುತ್ತ ಮಾತ್ರ ಹಚ್ಚಿದೆ. ರಂಧ್ರದ ಬಾಯಿಯಿಂದಲೇ ಕುಂಚ ತಾಗಿಸಬಹುದು, ಅದೇ ಬಾಯಿಯಿಂದ ಅದು ಆರಿಯೂ ಹೋಗುತ್ತದೆ.

ಮೂರನೆಯದು ಸಮತೋಲ. ಹೊರಗೆ 0.5ರ ಕಲ್ಲಿನ ಹಾಳೆ ಇದ್ದರೆ ಒಳಗೂ ಅಷ್ಟೇ ದಪ್ಪದ ಹಾಳೆ ಇರಬೇಕು. ಪ್ಯಾರಾಪೆಟ್ ಭಾಗದಲ್ಲಿ ಎರಡೂ ಕಡೆ ಕಲ್ಲು ಕಾಣಬೇಕಾದ್ದರಿಂದ ಅಲ್ಲಿ ಸಹಜವಾಗಿಯೇ ಸರಿಹೋಗುತ್ತದೆ. ಅದರ ಕೆಳಗೆ, ಯಾರಿಗೂ ಕಾಣದ ಒಳಮುಖಕ್ಕೂ ರಂಧ್ರ ಕೊರೆದ ಸಾದಾ ಹಾಳೆ ಹಚ್ಚಿದೆ. ಎರಡು ಬದಿಯೂ ಒಂದೇ ರೀತಿ ಕುಗ್ಗಿದರೆ ಬಾಗಲು ಕಾರಣವೇ ಉಳಿಯುವುದಿಲ್ಲ. ಒಟ್ಟು ದಪ್ಪ 2 ಮಿ.ಮೀ., ನಿಜದಲ್ಲಿ 320 ಮಿ.ಮೀ., ಕಲ್ಲಿನ ಪ್ಯಾರಾಪೆಟ್ ಗೋಡೆಗೆ ಒಪ್ಪುವ ಅಳತೆ. ಹೆಚ್ಚಿದ ದಪ್ಪವನ್ನು ಹೊರಕ್ಕೇ ಬಿಟ್ಟಿದ್ದರಿಂದ ಒಳಮುಖ ಅದೇ 17ರಲ್ಲಿದೆ. ಇದರ ಮೇಲೆ ಪ್ರತಿ ಕಮಾನಿನ ನೆತ್ತಿಯಲ್ಲಿ ಎರಡು ಗೋಡೆಗಳ ನಡುವೆ ಒಂದೊಂದು ಅಡ್ಡಪಟ್ಟಿ ಇಟ್ಟಿದ್ದೇನೆ. ಹಳಿಯ ಹಾಸಿನ ಕೆಳಗೆ ಅಡಗಿರುವುದರಿಂದ ಅದು ಕಾಣುವುದಿಲ್ಲ.

ರಂಧ್ರಗಳೇ ಸಾಕಾಗಿದ್ದವೇ, ಸಮತೋಲವೇ ಸಾಕಾಗಿತ್ತೇ ಎಂದು ತಿಳಿಯಲು ಬೇರೆ ಬೇರೆ ತುಂಡುಗಳನ್ನು ಮಾಡಿ ಪಕ್ಕಪಕ್ಕದಲ್ಲಿ ಇಟ್ಟಿದ್ದೆ. ರಂಧ್ರ ಮಾತ್ರ ಇದ್ದದ್ದು ಸ್ವಲ್ಪ ಬಾಗಿ ಅಲ್ಲಿಗೇ ನಿಂತಿತು. ಸಮತೋಲ ಮಾತ್ರ ಇದ್ದದ್ದು ನೆಟ್ಟಗಿತ್ತು, ಆದರೆ ಬಹಳ ದಿನ ಮೆತ್ತಗಿತ್ತು. ಎರಡೂ ಇದ್ದದ್ದು ಬೇಗ ಗಟ್ಟಿಯಾಯಿತು, ಅಲುಗಾಡಲೂ ಇಲ್ಲ. ದೊಡ್ಡ ಗೋಡೆಗೆ ನಾನು ಇನ್ನು ಮುಂದೆ ಎರಡನ್ನೂ ಬಿಡುವುದಿಲ್ಲ.

ಉಬ್ಬು ಕಲ್ಲಿನ ಹಾಳೆಗಳನ್ನು ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದೇ ಸಂಖ್ಯೆಯ ಎರಡು ಪೊಟ್ಟಣ ತರಿಸಿದರೆ ಒಂದರ ಕಲ್ಲಿನ ಸಾಲು ಇನ್ನೊಂದರ ಸಾಲಿಗೆ ಕೂಡುವುದಿಲ್ಲ. ಗಾರೆಯ ಗೆರೆ ಹಾಳೆಯ ಅಂಚಿಗೆ ಸಮಾನಾಂತರವಾಗಿಲ್ಲ. ಅಂಚನ್ನು ನಂಬಿ ಕತ್ತರಿಸಿದರೆ ಇಡೀ ಗೋಡೆ ಓರೆ. ಕತ್ತರಿಸುವ ಮುನ್ನ ಗಾರೆಯ ಗೆರೆಗೇ ಅಳತೆಪಟ್ಟಿ ಹಿಡಿಯಿರಿ. ಜಲ್ಲಿಯ ಕಥೆ ಇನ್ನೂ ಬೇಸರದ್ದು. ‘ಅತಿ ಸಣ್ಣ’ ಎಂದು ಬರೆದ ಪೊಟ್ಟಣದಲ್ಲಿ 1 ಮಿ.ಮೀ. ಕಾಳುಗಳು. ನಿಜವಾದ ಹಳಿಯ ಜಲ್ಲಿ ಸುಮಾರು 30ರಿಂದ 60 ಮಿ.ಮೀ., ಅಂದರೆ ನಮಗೆ ಬೇಕಾದದ್ದು 0.2ರಿಂದ 0.4. ಈ ಪೊಟ್ಟಣದ ಒಂದು ಕಾಳು 160 ಮಿ.ಮೀ.ನ ಬಂಡೆ, ನಮ್ಮ 11 ಮಿ.ಮೀ. ಎತ್ತರದ ಗ್ಯಾಂಗ್‌ಮನ್ ಅದನ್ನು ಎರಡು ಕೈ ಹಚ್ಚಿ ಎತ್ತಬೇಕು! ಜರಡಿ ಹಿಡಿದು ಬೇಕಾದಷ್ಟನ್ನು ಬೇರೆ ಮಾಡಿಕೊಂಡೆ, ಉಳಿದದ್ದು ಹೊಳೆಯ ದಂಡೆಗೆ ಹೋಯಿತು. ಅಲ್ಲಿ ಅದು ಬಹಳ ಚೆನ್ನಾಗಿ ಕೂತಿದೆ.

ಕಮಾನುಗಳ ವಿಷಯ ಚುಟುಕಾಗಿ. ಅಗಲ 54 ಮಿ.ಮೀ., ಅರ್ಧವೃತ್ತ. ಸುತ್ತಿನ ಕಲ್ಲುಗಳನ್ನು 0.25 ಮಿ.ಮೀ. ಹಾಳೆಯಿಂದ ಒಂದೊಂದಾಗಿ ಕತ್ತರಿಸಿದ್ದೇನೆ, ಕಮಾನಿಗೆ 25. ನೆತ್ತಿಯಲ್ಲಿ ಕೀಲುಗಲ್ಲು ಬರಬೇಕಾದ್ದರಿಂದ ಬೆಸ ಸಂಖ್ಯೆಯೇ ಆಗಬೇಕು. ತಿರುವಿನ ಸೇತುವೆಯಲ್ಲಿ ಕಮಾನು ಬಾಗುವುದಿಲ್ಲ, ಕಂಬ ಬೆಣೆಯಾಗುತ್ತದೆ. ಕಲ್ಲಿನ ಸೇತುವೆ ಕಟ್ಟಿದ ಎಂಜಿನಿಯರುಗಳು ಹಾಗೆಯೇ ಮಾಡುತ್ತಿದ್ದರು. ನನ್ನ ಲೆಕ್ಕಕ್ಕೆ ನಡುಗೆರೆಯಲ್ಲಿ 16 ಮಿ.ಮೀ. ಇರುವ ಕಂಬ ಒಳಬದಿಯಲ್ಲಿ 11.6, ಹೊರಬದಿಯಲ್ಲಿ 20.4 ಆಯಿತು. ಮೇಲಿನಿಂದ ನೋಡಿದರೆ ಈ ಬೆಣೆ ಸ್ಪಷ್ಟವಾಗಿ ಕಾಣುತ್ತದೆ, ಸೇತುವೆಗೆ ನಿಜದ ಗತ್ತು ಬರುವುದು ಅದರಿಂದಲೇ ಎಂದು ನನ್ನ ಅನಿಸಿಕೆ.

ಬಣ್ಣ ಇನ್ನೂ ಆರಂಭದಲ್ಲಿದೆ. ಪ್ರೈಮರ್ ಮೇಲೆ ಬೂದು, ಅಲ್ಲಲ್ಲಿ ಕೆಲವು ಕಲ್ಲುಗಳಿಗೆ ಕಂದು ಛಾಯೆ, ಆ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೆಳುಮಾಡಿದ ಕಪ್ಪು ಶಾಯಿ ಗಾರೆಯ ಗೆರೆಗಳಿಗೆ. ಕಮಾನಿನ ತಳದಲ್ಲಿ ನೀರು ಸೋರಿದ ಬಿಳಿ ಕಲೆಗಳು ಬೇಕೇಬೇಕು. ಕಂಬಗಳ ಬುಡಕ್ಕೆ 2 ಮಿ.ಮೀ. ನೈಲಾನ್ ಹುಲ್ಲು ಸಾಕು, ಅದು ನಿಜದಲ್ಲಿ 32 ಸೆಂ.ಮೀ. ಎತ್ತರ. 6 ಮಿ.ಮೀ. ಹುಲ್ಲು ಹಾಕಿದರೆ ಮನುಷ್ಯನ ಸೊಂಟ ಮುಳುಗುತ್ತದೆ.

ಹೊಳೆಗೆ ಎಪಾಕ್ಸಿ ಹೊಯ್ಯುವ ಮುನ್ನ ತಳವನ್ನು ಬಣ್ಣ ಮತ್ತು ಅಂಟಿನಿಂದ ಪೂರ್ತಿ ಮುಚ್ಚಬೇಕು. ಸೂಜಿಮೊನೆಯಷ್ಟು ಸಂದಿದ್ದರೂ ಅದು ಮೇಜಿನ ಕೆಳಗೆ ಇಳಿಯುತ್ತದೆ. ಒಮ್ಮೆಗೆ ತೆಳು ಪದರ ಮಾತ್ರ ಹೊಯ್ಯುತ್ತೇನೆ.

ಆದರೆ ನಿಜ ಹೇಳಬೇಕೆಂದರೆ ಮನಸ್ಸು ಈಗಾಗಲೇ ಸಿಗ್ನಲ್ ಕ್ಯಾಬಿನ್‌ಗೆ ಹೋಗಿದೆ. ಸೇತುವೆ ದಾಟಿದ ಕೂಡಲೇ ಬರುವ ಜಾಗ, ಮೂರು ಕಡೆ ಕಿಟಕಿ, ಒಳಗಿನದೆಲ್ಲ ಕಾಣಬೇಕು. ದೀಪಕ್ಕೆ 0402 ಅಳತೆಯ ಎಲ್‌ಇಡಿ ತಂದಿಟ್ಟಿದ್ದೇನೆ, 1 ಮಿ.ಮೀ.ಗೆ 0.5. 12 ವೋಲ್ಟ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಹರಿಯುವುದು ಸುಮಾರು 0.9 ಮಿಲಿಆಂಪಿಯರ್, ಹಳೆಯ ಕ್ಯಾಬಿನ್ನಿನ ಮಬ್ಬು ಬೆಳಕಿಗೆ ಅಷ್ಟು ಸಾಕು. ಗೋಡೆಗಳ ಒಳಮೈಗೆ ಮೊದಲು ಕಪ್ಪು ಬಳಿಯಬೇಕು, ಇಲ್ಲದಿದ್ದರೆ ಬಿಳಿ ಸ್ಟೈರೀನ್ ಇಡೀ ಕಟ್ಟಡವನ್ನೇ ಹೊಳೆಯಿಸುತ್ತದೆ. ಇಲ್ಲಿಯ ಗೋಡೆಗಳು ಚಿಕ್ಕವು, ಬಾಗುವ ಭಯವಿಲ್ಲ.

ಕಷ್ಟವಿರುವುದು ಒಳಗಿನ ಸನ್ನೆಗಳ, ಅಂದರೆ ಸಿಗ್ನಲ್ ಬದಲಿಸಲು ಎಳೆಯುವ ಲಿವರುಗಳ ಸಾಲಿನಲ್ಲಿ. ಒಂದೊಂದು ಸನ್ನೆ 7-8 ಮಿ.ಮೀ. ಎತ್ತರ, ಒಂದರಿಂದ ಇನ್ನೊಂದಕ್ಕೆ 0.8 ಮಿ.ಮೀ. ಅಂತರ, ಕೆಲವು ಎಳೆದ ಸ್ಥಿತಿಯಲ್ಲಿ, ಉಳಿದವು ನೆಟ್ಟಗೆ. ಹಿತ್ತಾಳೆ ತಂತಿಯನ್ನು ರಂಧ್ರ ಕೊರೆದ ಪಟ್ಟಿಯಲ್ಲಿ ಬೆಸೆಯುವ ಯೋಚನೆ ಇದೆ, ಆದರೆ ಪಕ್ಕದ ತಂತಿಯ ಬೆಸುಗೆ ಬಿಸಿಗೆ ಮತ್ತೆ ಕರಗುತ್ತದೆ. ಈ ಅಳತೆಯಲ್ಲಿ ಯಾರಾದರೂ ಮಾಡಿದ್ದರೆ, ಬೆಸುಗೆಯೋ ಅಂಟೋ, ತಂತಿಯ ದಪ್ಪ ಎಷ್ಟು, ದಯವಿಟ್ಟು ತಿಳಿಸಿ. ಪ್ರೈಮರ್ ಒಣಗುವಷ್ಟರಲ್ಲಿ ಪಟ್ಟಿ ಕೊರೆಯಲು ಕೂರುತ್ತೇನೆ.